ಹಾಲಿನ ಮೂಲೆಯಲ್ಲೊಂದು ಪುಟ್ಟ ಕೆರೆ: ಏಂಜಲ್ ಮೀನು, ನಮ್ಮ ಮಾವ ಮತ್ತು ಮನೆಯ ಆರೋಗ್ಯ

*ಆರೋಗ್ಯ ಮಾಲಿಕೆ – ಹೊರನಾಡ ಕನ್ನಡ ಕುಟುಂಬಗಳಿಗಾಗಿ*



ಸಕ್ಕರೆ ಕಾಯಿಲೆ, ಮಂಡಿನೋವು, ನಿದ್ದೆ ಅಂತ ನಾವು ಇಲ್ಲಿ ಮಾತಾಡುತ್ತಲೇ ಇರುತ್ತೇವೆ. ಇವತ್ತು ಮೀನಿನ ಮಾತು. ಮೀನು ಅಂದ ಕೂಡಲೇ ನಮ್ಮ ಕರಾವಳಿಯವರ ಬಾಯಲ್ಲಿ ನೀರೂರುತ್ತದೆ. ಆದರೆ ಇದು ತಿನ್ನುವ ಮೀನಲ್ಲ, ನೋಡುವ ಮೀನು. ಸ್ವಲ್ಪ ಉದ್ದದ ಬರಹ, ಬಿಡುವಾದಾಗ ಪೂರ್ತಿ ಓದಿ. ಹಿರಿಯರು ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಿ.

ಮೂರು ವರ್ಷದ ಹಿಂದೆ ನಮ್ಮ ಅತ್ತೆ ತೀರಿಕೊಂಡರು. ವರ್ಷಾಂತಿಕ ಮುಗಿದ ಮೇಲೆ ಮಾವನನ್ನು ಕುಂದಾಪುರದ ಕಡೆಯ ಊರಿನಿಂದ ಮಾಟುಂಗಕ್ಕೆ ಕರೆದುಕೊಂಡು ಬಂದೆವು. ಊರಿನಲ್ಲಿ ಅಂಗಳ, ಬಾವಿ, ದನದ ಕೊಟ್ಟಿಗೆ, ಹಿತ್ತಿಲ ತೋಡು ಎಲ್ಲ ಇತ್ತು. ಇಲ್ಲಿ ಇರುವುದು ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದು ಹಾಲ್, ಒಂದು ಕೋಣೆ, ಅಡುಗೆಮನೆ. ಮೊದಲ ತಿಂಗಳು ಚೆನ್ನಾಗಿಯೇ ಕಳೆಯಿತು. ಬೆಳಿಗ್ಗೆ ಹೂವಿನ ಮಾರುಕಟ್ಟೆ, ಕಿಂಗ್ಸ್ ಸರ್ಕಲ್‌ನ ಉದ್ಯಾನ, ಒಂದು ಲೋಟ ಕಾಫಿ, ಕೆಲವು ಸಂಜೆ ಮೈಸೂರು ಅಸೋಸಿಯೇಷನ್‌ನ ಕಾರ್ಯಕ್ರಮ. ಆಮೇಲೆ ಮಂಡಿ ಹಿಡಿಯಿತು. ಮೆಟ್ಟಿಲು ಇಳಿಯುವುದು ನಿಂತಿತು. ಟಿ.ವಿ. ಮುಂದಿನ ಕುರ್ಚಿಯಲ್ಲಿ ಕೂತವರು ಅಲ್ಲೇ ಉಳಿದರು.

ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ರಾತ್ರಿ ಎರಡು ಗಂಟೆಗೆ ಎದ್ದು ಕೂರುವುದು ಶುರುವಾಯಿತು. ಬಿ.ಪಿ. ನೋಡಿಸಿದರೆ 160/100. ಡಾಕ್ಟರು ಮಾತ್ರೆ ಬದಲಿಸಿದರು. ಚೀಟಿ ಬರೆದು ಮುಗಿಸಿ ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: "ಇವರಿಗೆ ಇಡೀ ದಿನ ಮನೆಯಲ್ಲಿ ಕೆಲಸ ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಅವರಿಗೆ ಊಟ, ಮಾತ್ರೆ, ಟಿ.ವಿ. ಎಲ್ಲ ಕೊಟ್ಟಿದ್ದೆವು. ಕೆಲಸ ಮಾತ್ರ ಕೊಟ್ಟಿರಲಿಲ್ಲ.

*ಒಂಬತ್ತೇ ದಿನಕ್ಕೆ ಮುಗಿದ ಮೊದಲ ಪ್ರಯತ್ನ*

ಮನೆಯಲ್ಲಿ ನಾಯಿ ಸಾಕುವಷ್ಟು ಜಾಗವಿಲ್ಲ. ನಮ್ಮ ಯಜಮಾನರು ಒಂದು ದಿನ ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದವರು ದುಂಡಗಿನ ಗಾಜಿನ ಬಟ್ಟಲು, ಎರಡು ಗೋಲ್ಡ್ ಫಿಶ್ ತಂದರು. ಮಗಳು ಕುಣಿದಾಡಿದಳು. ಮಾವ ಒಮ್ಮೆ ನೋಡಿ, "ಇಷ್ಟು ನೀರಲ್ಲಿ ಅದು ಉಸಿರಾಡುವುದು ಹೇಗೆ ಮಾರಾಯ್ತಿ?" ಎಂದರು. ಒಂಬತ್ತನೇ ದಿನ ಎರಡೂ ಸತ್ತವು. ಮಗಳಿಗಿಂತ ಹೆಚ್ಚು ಬೇಸರ ಮಾಡಿಕೊಂಡವರು ಮಾವ. ಸತ್ತ ಮೀನನ್ನು ಎತ್ತುವಾಗ ಅವರ ಮುಖ ನೋಡಿ, ಇದನ್ನು ಮಾಡುವುದಾದರೆ ಸರಿಯಾಗಿ ಮಾಡಬೇಕು, ಇಲ್ಲವಾದರೆ ಬೇಡ ಎಂದು ನಾನು ನಿರ್ಧರಿಸಿದೆ.

ಮೀನು ಯಾಕೆ ಸತ್ತಿತು ಎಂದು ತಿಳಿದರೆ ಅಕ್ವೇರಿಯಂನ ಅರ್ಧ ವಿದ್ಯೆ ಬಂದ ಹಾಗೆ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಅದು ವಿಷ. ಕೆರೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುತ್ತವೆ. ನೈಟ್ರೈಟೂ ವಿಷವೇ. ನೈಟ್ರೇಟ್ ಅಷ್ಟು ಅಪಾಯವಲ್ಲ, ಗಿಡಗಳು ಅದನ್ನು ಗೊಬ್ಬರವಾಗಿ ಹೀರುತ್ತವೆ. ಹೊಸ ಗಾಜಿನ ಬಟ್ಟಲಿನಲ್ಲಿ ಆ ಬ್ಯಾಕ್ಟೀರಿಯಾಗಳೇ ಇರುವುದಿಲ್ಲ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾವು ಅಂಗಡಿಯಿಂದ ತಂದ ದಿನವೇ ಮೀನು ಬಿಟ್ಟಿದ್ದೆವು. ಮೀನು ತನ್ನ ಕಲ್ಮಶದಲ್ಲೇ ಸತ್ತಿತು.

*ಮೀನು ನೋಡಿದರೆ ಬಿ.ಪಿ. ಇಳಿಯುತ್ತದೆಯೇ?*

ವಾಟ್ಸಾಪ್‌ನಲ್ಲಿ ಬರುವ "ಇದೊಂದು ಮಾಡಿ, ಮಾತ್ರೆ ಬಿಟ್ಟುಬಿಡಿ" ತರಹದ ಮಾತು ಇದಲ್ಲ. ಗೊತ್ತಿರುವಷ್ಟನ್ನೇ ಹೇಳುತ್ತೇನೆ.

• 1980ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆರನ್ ಕ್ಯಾಚರ್, ಅಲನ್ ಬೆಕ್ ಮತ್ತು ಜೊತೆಗಾರರು, ಮೀನಿನ ತೊಟ್ಟಿಯನ್ನು ನೋಡುತ್ತ ಕೂತವರ ರಕ್ತದೊತ್ತಡ ಆ ಹೊತ್ತಿಗೆ ಇಳಿಯುವುದನ್ನು ಗಮನಿಸಿದರು.

• 2002ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ನ್ಯಾನ್ಸಿ ಎಡ್ವರ್ಡ್ಸ್ ಮತ್ತು ಬೆಕ್ ಪ್ರಕಟಿಸಿದ ಅಧ್ಯಯನದಲ್ಲಿ, ಮರೆವಿನ ಕಾಯಿಲೆಯ ಹಿರಿಯರ ಊಟದ ಕೋಣೆಯಲ್ಲಿ ಅಕ್ವೇರಿಯಂ ಇಟ್ಟ ಮೇಲೆ ಅವರು ಹೆಚ್ಚು ಉಂಡರು, ತೂಕವೂ ಸ್ವಲ್ಪ ಏರಿತು.

• 2015ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಇಂಗ್ಲೆಂಡಿನ ಪ್ಲಿಮತ್‌ನ ರಾಷ್ಟ್ರೀಯ ಅಕ್ವೇರಿಯಂನಲ್ಲಿ, ದೊಡ್ಡ ತೊಟ್ಟಿಗೆ ಮೀನುಗಳನ್ನು ಹಂತ ಹಂತವಾಗಿ ಬಿಡುವಾಗ ನೋಡುಗರ ನಾಡಿಬಡಿತ, ರಕ್ತದೊತ್ತಡ ಇಳಿದದ್ದನ್ನು ಅಳೆದರು. ಮೀನು ಹೆಚ್ಚಿದಂತೆ ಜನ ಹೆಚ್ಚು ಹೊತ್ತು ನಿಂತು ನೋಡಿದರು.

ಇವು ಸಣ್ಣ ಸಣ್ಣ ಅಧ್ಯಯನಗಳು. ನೋಡುವ ಹೊತ್ತಿನಲ್ಲಿ ಮನಸ್ಸು ಶಾಂತವಾಗುತ್ತದೆ ಎಂದು ಹೇಳಬಹುದೇ ಹೊರತು ಬಿ.ಪಿ. ಕಾಯಿಲೆ ವಾಸಿಯಾಗುತ್ತದೆ ಎಂದಲ್ಲ. ಮಾವನ ಮಾತ್ರೆ ಇವತ್ತಿಗೂ ನಿಂತಿಲ್ಲ. ನಮ್ಮ ಮನೆಯಲ್ಲಿ ಮದ್ದಿನ ಹಾಗೆ ಕೆಲಸ ಮಾಡಿದ್ದು ಬರೀ ನೋಡುವುದೂ ಅಲ್ಲ. ದಿನಾ ಎದ್ದು ಮಾಡಬೇಕಾದ ಒಂದು ಕೆಲಸ, ತನ್ನನ್ನು ನಂಬಿಕೊಂಡಿರುವ ಒಂದು ಜೀವ.

*ಏಂಜಲ್ ಮೀನೇ ಯಾಕೆ?*

ಇದರ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆ. ನಿಧಾನವಾಗಿ ಹರಿಯುವ ನೀರಿನಲ್ಲಿ, ಮುಳುಗಿದ ಬೇರು, ಗಿಡಗಳ ನಡುವೆ ನುಸುಳಿಕೊಂಡು ಬದುಕಲು ಮೈ ತಟ್ಟೆಯ ಹಾಗೆ ಚಪ್ಪಟೆಯಾಗಿದೆ, ರೆಕ್ಕೆ ಮೇಲಕ್ಕೂ ಕೆಳಕ್ಕೂ ಉದ್ದ. ಅಂಗಡಿಯ ಮೀನುಗಳನ್ನು ಕಾಡಿನಿಂದ ಹಿಡಿದು ತರುವುದಿಲ್ಲ. ಚೆನ್ನೈನ ಕೊಳತ್ತೂರು, ಕೋಲ್ಕತ್ತಾ, ಮುಂಬಯಿಗಳಲ್ಲೇ ಮರಿ ಮಾಡಿಸುತ್ತಾರೆ. ಮಾವ ಮೊದಲ ಸಲ ನೋಡಿದಾಗ, "ಇದು ಮಾಂಜಿ ಮರಿಯಲ್ಲವಾ! ಗಸಿ ಮಾಡುವ ಮೀನನ್ನು ಗಾಜಿನಲ್ಲಿಟ್ಟು ಪೂಜೆ ಮಾಡುತ್ತೀರಲ್ಲ" ಎಂದು ನಕ್ಕರು. ಅವರು ನಕ್ಕು ತಿಂಗಳುಗಳೇ ಆಗಿದ್ದವು.

ನಿಧಾನವಾಗಿ ಈಜುವ ಮೀನು ಇದು, ವಯಸ್ಸಾದ ಕಣ್ಣಿಗೂ ಹಿಡಿಯುತ್ತದೆ. ಊಟ ಹಾಕುವವರ ಗುರುತು ಹಿಡಿದು ಗಾಜಿನ ಹತ್ತಿರ ಬರುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕುತ್ತದೆ. ಜೋಡಿಯಾಗಿ ಸಂಸಾರ ಮಾಡುತ್ತದೆ, ಮೊಟ್ಟೆ, ಮರಿಗಳನ್ನು ತಂದೆ ತಾಯಿ ಸೇರಿ ಕಾಯುತ್ತವೆ.

*ತೊಟ್ಟಿ ಕಟ್ಟಿದ ಬಗೆ*

_ಗಾತ್ರ:_ ರೆಕ್ಕೆ ಉದ್ದವಾದ್ದರಿಂದ ತೊಟ್ಟಿ ಎತ್ತರವಿರಬೇಕು, ಕನಿಷ್ಠ ಒಂದೂವರೆ ಅಡಿ. ನಮ್ಮದು ಎರಡೂವರೆ ಅಡಿ ಉದ್ದ, ಹದಿನೈದು ಇಂಚು ಅಗಲ, ಇಪ್ಪತ್ತು ಇಂಚು ಎತ್ತರ. ನೀರು ಸುಮಾರು 130 ಲೀಟರ್.

_ತೂಕ:_ ನೀರು, ಗಾಜು, ಮರಳು ಸೇರಿ ಇಷ್ಟು ತೊಟ್ಟಿಯೇ ಸುಮಾರು 200 ಕಿಲೋ ಆಗುತ್ತದೆ. ನಮ್ಮಂಥ ಹಳೆಯ ಕಟ್ಟಡಗಳಲ್ಲಿ ಇದನ್ನು ಹಾಲಿನ ನಡುವೆ ಇಡಬೇಡಿ. ಭಾರ ಹೊರುವ ಗೋಡೆಗೆ ಒತ್ತಿ, ಕಬ್ಬಿಣದ ಗಟ್ಟಿ ಸ್ಟ್ಯಾಂಡ್ ಮೇಲೆ ಇಡಿ. ಸೊಸೈಟಿಯವರಿಗೆ ಒಂದು ಮಾತು ಹೇಳಿ, ಕಟ್ಟಡದ ಎಂಜಿನಿಯರ್ ಇದ್ದರೆ ಕೇಳಿ. ಕಿಟಕಿಯ ನೇರ ಬಿಸಿಲು ಬೀಳಬಾರದು, ಬಿದ್ದರೆ ಹಾವಸೆ ಕಟ್ಟುತ್ತದೆ.

_ನೆಲ:_ ಗಿಡವೇ ನೀರನ್ನು ಶುದ್ಧ ಮಾಡುವ ಪದ್ಧತಿಯನ್ನು ನಾವು ಆರಿಸಿದೆವು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬರೆದ ಪುಸ್ತಕದಿಂದ ಇದು ಮನೆಮಾತಾಯಿತು. ಗೊಬ್ಬರ ಹಾಕದ ತೋಟದ ಮಣ್ಣು ಒಂದು ಇಂಚು, ಅದರ ಮೇಲೆ ತೊಳೆದ ಹೊಳೆಮರಳು ಒಂದು ಇಂಚು. ದಾದರ್ ಚೌಪಾಟಿಯ ಮರಳು ತರಬೇಡಿ. ಅದರಲ್ಲಿ ಉಪ್ಪು, ಚಿಪ್ಪಿನ ಚೂರು ಇರುತ್ತದೆ, ನೀರು ಗಡಸಾಗುತ್ತದೆ.

_ಗಿಡ:_ ಅಗಲ ಎಲೆಯ ಅಮೆಜಾನ್ ಸ್ವೋರ್ಡ್, ಪಟ್ಟಿಯ ಹಾಗೆ ಉದ್ದ ಬೆಳೆಯುವ ವ್ಯಾಲಿಸ್ನೇರಿಯಾ, ಬೇಗ ಹಬ್ಬುವ ಹೈಡ್ರಿಲ್ಲಾ, ಕಟ್ಟಿಗೆಗೆ ಕಟ್ಟಿದರೆ ಸಾಕಾಗುವ ಜಾವಾ ಫರ್ನ್. ಹೈಡ್ರಿಲ್ಲಾ ನೋಡಿ ಮಾವ, "ಇದು ನಮ್ಮ ಕೆರೆಯ ಕಳೆ, ಇದಕ್ಕೂ ದುಡ್ಡು ಕೊಟ್ಟಿರಾ?" ಎಂದು ಕೇಳಿದರು. ಶುರುವಿನಲ್ಲೇ ಗಿಡ ದಟ್ಟವಾಗಿ ನೆಡಬೇಕು. ಲೈಟು ದಿನಕ್ಕೆ ಆರರಿಂದ ಎಂಟು ಗಂಟೆ ಸಾಕು.

_ಬಾದಾಮಿ ಎಲೆ:_ ಮುಂಬಯಿಯ ಬೀದಿಬದಿಯಲ್ಲಿ ಕಾಡುಬಾದಾಮಿ ಮರಗಳು ಬೇಕಾದಷ್ಟಿವೆ. ತಾನಾಗಿ ಉದುರಿದ ಒಣ ಎಲೆಯನ್ನು ತೊಳೆದು, ಬಿಸಿಲಿಗೆ ಹಾಕಿ, ಒಂದೆರಡು ಎಲೆ ಬಿಟ್ಟರೆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ. ಏಂಜಲ್ ಮೀನಿಗೆ ತವರಿನ ನೀರಿನ ಹಾಗೆ. ಔಷಧಿ ಸಿಂಪಡಿಸಿದ ಮರದ ಎಲೆ ಬೇಡ.

_ನೀರು:_ ಈ ವಿಷಯದಲ್ಲಿ ಮುಂಬಯಿಯವರು ಅದೃಷ್ಟವಂತರು. ತಾನ್ಸಾ, ಭಾತ್ಸಾ, ವೈತರಣಾ ಕಡೆಯಿಂದ ಬರುವುದು ಮಳೆಯ ನೀರು, ಬೋರ್‌ವೆಲ್ ನೀರಿನ ಹಾಗೆ ಗಡಸಲ್ಲ. ಏಂಜಲ್ ಮೀನಿಗೆ ಮೆದು ನೀರೇ ಇಷ್ಟ. ಆದರೆ ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರನ್ನೂ ಸುಡುತ್ತದೆ, ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕ್ಲೋರಿನ್ ತೆಗೆಯುವ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ನೀರನ್ನು ಬಕೆಟ್‌ನಲ್ಲಿ ಒಂದು ದಿನ ಬಿಡಬೇಕು. ನಿಮ್ಮ ಕಟ್ಟಡದಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಬೆರೆಸುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

_ಬಿಸಿ:_ 26ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಇಲ್ಲಿ ವರ್ಷದ ಹೆಚ್ಚಿನ ದಿನ ಹೀಟರ್ ಬೇಕಾಗುವುದೇ ಇಲ್ಲ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಸಣ್ಣ ಹೀಟರ್ ಇದ್ದರೆ ಸಾಕು.

_ಕಾಯುವುದು:_ ಗಿಡ ನೆಟ್ಟು ಐದು ವಾರ ಮೀನಿಲ್ಲದೆ ಬಿಟ್ಟೆವು. ದಿನಾ ಒಂದು ಚಿಟಿಕೆ ಮೀನಿನ ಆಹಾರ ಮಾತ್ರ ಹಾಕುತ್ತಿದ್ದೆವು, ಬ್ಯಾಕ್ಟೀರಿಯಾಕ್ಕೆ ಊಟ. ಹನಿ ಹಾಕಿ ಬಣ್ಣ ನೋಡುವ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಎಂದು ಕಂಡ ಮೇಲೆ, ರೂಪಾಯಿ ನಾಣ್ಯದಷ್ಟು ದೊಡ್ಡ ಆರು ಏಂಜಲ್ ಮರಿಗಳನ್ನು ತಂದು ಬಿಟ್ಟೆವು. "ಮೀನಿಲ್ಲದ ತೊಟ್ಟಿಗೆ ಯಾರಾದರೂ ಊಟ ಹಾಕುತ್ತಾರಾ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದ್ದರು. ಅವರಿಗೆ ಎಲ್ಲ ವಿವರಿಸಿ ಹೇಳಿದವರು ಮಾವ. ಆಗ ಗೊತ್ತಾಯಿತು, ಅವರು ಎಲ್ಲವನ್ನೂ ಕಿವಿಗೊಟ್ಟು ಕೇಳಿಸಿಕೊಂಡಿದ್ದರು ಎಂದು.

*ಅಜ್ಜನ ವೇಳಾಪಟ್ಟಿ*

ಬೆಳಿಗ್ಗೆ ಎಂಟಕ್ಕೆ ಒಂದು ಚಿಟಿಕೆ ಆಹಾರ, ಸಂಜೆ ಆರಕ್ಕೆ ಇನ್ನೊಂದು. ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಭಾನುವಾರ ಕಾಲು ಭಾಗ ನೀರು ಬದಲಿಸುವುದು. ಆ ಬಕೆಟ್ ಎತ್ತುವ ಕೆಲಸ ಮಗನದು, ಮೇಲ್ವಿಚಾರಣೆ ಅಪ್ಪನದು. ತೆಗೆದ ನೀರು ಬಾಲ್ಕನಿಯ ತುಳಸಿ, ಕರಿಬೇವಿಗೆ.

ನಾಲ್ಕನೇ ತರಗತಿಯ ಮಗಳು ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ, ಮರಾಠಿ. ಅಜ್ಜನ ಹತ್ತಿರ ಮಾತಾಡಲು ಅವಳಿಗೆ ವಿಷಯವೇ ಇರುತ್ತಿರಲಿಲ್ಲ. ಈಗ ಒಂದು ನೋಟ್‌ಬುಕ್ ಇದೆ. ಅಜ್ಜ ಹೇಳುತ್ತಾರೆ, ಅವಳು ಬರೆಯುತ್ತಾಳೆ: "ಕಿವಿರು", "ಈಜುರೆಕ್ಕೆ", "ಇವತ್ತು ಕಪ್ಪು ಪಟ್ಟೆಯದ್ದು ಊಟ ಮಾಡಲಿಲ್ಲ". ಕಾಗುಣಿತ ತಪ್ಪಿದರೆ ಅಜ್ಜ ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ. ಕನ್ನಡ ಕಲಿಸಲು ನಾನು ತಂದ ಪುಸ್ತಕಗಳು ಇನ್ನೂ ಕಪಾಟಿನಲ್ಲೇ ಇವೆ.

*ಮೂರು ಸಲ ಸೋತು ನಾಲ್ಕನೇ ಸಲ ಗೆದ್ದ ಬಾಣಂತನ*

ಏಂಜಲ್ ಮೀನಿನಲ್ಲಿ ಗಂಡು ಹೆಣ್ಣು ಹೊರಗಿನಿಂದ ತಿಳಿಯುವುದಿಲ್ಲ. ಅದಕ್ಕೇ ಆರು ಮರಿ ತರುವುದು. ಬೆಳೆದ ಮೇಲೆ ತಮ್ಮ ಜೋಡಿಯನ್ನು ತಾವೇ ಆರಿಸಿಕೊಳ್ಳುತ್ತವೆ. ಸುಮಾರು ಎಂಟರಿಂದ ಹನ್ನೆರಡು ತಿಂಗಳಿಗೆ ಇದು ನಡೆಯುತ್ತದೆ. ಎರಡು ಮೀನು ಒಂದು ಮೂಲೆ ಹಿಡಿದು ಉಳಿದವನ್ನು ಓಡಿಸತೊಡಗಿದರೆ ಜೋಡಿಯಾಯಿತೆಂದು ಅರ್ಥ. ಉಳಿದ ನಾಲ್ಕನ್ನು ಆಗ ಬೇರೆ ಕಡೆಗೆ ಸಾಗಿಸಲೇಬೇಕು, ಇಲ್ಲವಾದರೆ ಜಗಳದಲ್ಲಿ ಗಾಯವಾಗುತ್ತದೆ. ನಮ್ಮ ನಾಲ್ಕನ್ನು ಅಂಗಡಿಯವರೇ ವಾಪಸು ತೆಗೆದುಕೊಂಡರು.

ಮೊಟ್ಟೆಗೆ ಒಂದೆರಡು ದಿನ ಮುಂಚೆ ಜೋಡಿ ಒಂದು ಅಗಲ ಎಲೆಯನ್ನು ಬಾಯಿಂದ ಉಜ್ಜಿ ಸ್ವಚ್ಛ ಮಾಡುತ್ತದೆ. ಹೊಟ್ಟೆಯ ಕೆಳಗೆ ಸಣ್ಣ ನಳಿಕೆ ಕಾಣುತ್ತದೆ. ಹೆಣ್ಣಿನದು ಮೊಂಡು, ಗಂಡಿನದು ಚೂಪು. ಹೆಣ್ಣು ಸಾಲಾಗಿ ಮೊಟ್ಟೆ ಅಂಟಿಸುತ್ತ ಹೋಗುತ್ತದೆ, ಗಂಡು ಹಿಂದೆಯೇ ಬಂದು ಫಲಿಸುತ್ತದೆ. ಒಂದು ಸಲಕ್ಕೆ ಇನ್ನೂರು, ಮುನ್ನೂರು ಮೊಟ್ಟೆ. ಕೆಲವೊಮ್ಮೆ ಎರಡು ಹೆಣ್ಣುಗಳೇ ಜೋಡಿಯಾಗಿ ಮೊಟ್ಟೆ ಇಡುವುದುಂಟು, ಆಗ ಎಲ್ಲ ಮೊಟ್ಟೆಯೂ ಬಿಳಿಚಿ ಬೂಸ್ಟು ಹಿಡಿಯುತ್ತದೆ.

ನಮ್ಮ ಜೋಡಿ ಮೊದಲ ಸಲ ಮೊಟ್ಟೆ ಇಟ್ಟಾಗ ಇಡೀ ಮನೆಗೆ ಹಬ್ಬ. ಎರಡನೇ ಬೆಳಿಗ್ಗೆ ಎದ್ದು ನೋಡಿದರೆ ಎಲೆ ಖಾಲಿ. ತಂದೆ ತಾಯಿಯೇ ತಿಂದಿದ್ದವು. ಮಗಳು ಅತ್ತಳು. ಎರಡನೇ ಸಲವೂ, ಮೂರನೇ ಸಲವೂ ಹಾಗೆಯೇ. ಹೊಸ ಜೋಡಿಗೆ ಅನುಭವ ಸಾಲದಿದ್ದರೆ, ಗದ್ದಲಕ್ಕೆ ಹೆದರಿದರೆ, ಥಟ್ಟನೆ ಕತ್ತಲಾದರೆ ಹೀಗಾಗುತ್ತದೆ. ಮೊಟ್ಟೆ ತೆಗೆದು ಬೇರೆ ಪಾತ್ರೆಯಲ್ಲಿ ಮರಿ ಮಾಡಿಸುವ ಕ್ರಮವೂ ಇದೆ, ವ್ಯಾಪಾರದವರು ಹಾಗೇ ಮಾಡುತ್ತಾರೆ. ಯಜಮಾನರು ಅದನ್ನೇ ಮಾಡೋಣ ಎಂದರು. ಮಾವ ಒಪ್ಪಲಿಲ್ಲ. "ಮೊದಲ ಕರುವನ್ನು ಒದೆಯುವ ಹಸುವೂ ಇರುತ್ತದೆ. ಅದಕ್ಕೆ ಅಂತ ಕರುವನ್ನೇ ದೂರ ಮಾಡುತ್ತಾರಾ? ಕಾಯಬೇಕು" ಎಂದರು.

ನಾಲ್ಕನೇ ಸಲ ಅವರೇ ವ್ಯವಸ್ಥೆ ಮಾಡಿದರು. ಓದಿ ಮುಗಿಸಿದ ಕರ್ನಾಟಕ ಮಲ್ಲ ಪತ್ರಿಕೆಯ ಹಾಳೆಗಳನ್ನು ಗಾಜಿನ ಮೂರು ಕಡೆ ಹೊರಗಿನಿಂದ ಅಂಟಿಸಿದರು. ರಾತ್ರಿ ಪೂರ್ತಿ ಕತ್ತಲಾಗದಂತೆ ಹಾಲಿನಲ್ಲಿ ಜೀರೋ ಬಲ್ಬು. ಟಿ.ವಿ. ಬಂದ್. ಅದನ್ನು ಬಂದ್ ಮಾಡಿದವರೂ ಅವರೇ.

ಮೂರನೇ ದಿನ ಮೊಟ್ಟೆಗಳು ಒಡೆದವು. ಎಲೆಗೆ ಅಂಟಿಕೊಂಡೇ ಬಾಲ ಅಲ್ಲಾಡಿಸುವ ಸಣ್ಣ ಕೂದಲೆಳೆಗಳು. ಮತ್ತೆ ಐದು ದಿನಕ್ಕೆ ಮೋಡದ ಹಾಗೆ ಗುಂಪಾಗಿ ಈಜತೊಡಗಿದವು, ಎರಡೂ ಕಡೆ ತಂದೆ ತಾಯಿ ಕಾವಲು. ಮರಿಗೆ ಆಗ ಜೀವಂತ ಆಹಾರವೇ ಬೇಕು. ಆರ್ಟೀಮಿಯಾ ಎಂಬ ಸಣ್ಣ ಸಿಗಡಿಯ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ. ಒಂದು ಲೀಟರ್ ನೀರಿಗೆ ಒಂದೂವರೆ ದೊಡ್ಡ ಚಮಚ ಕಲ್ಲುಪ್ಪು, ಅರ್ಧ ಚಮಚ ಮೊಟ್ಟೆ, ಗಾಳಿಯ ಪಂಪು. ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಹುಟ್ಟುತ್ತವೆ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಮರಿಗಳ ಹೊಟ್ಟೆ ಕಿತ್ತಳೆಯಾದರೆ ಉಂಡವೆಂದು ಲೆಕ್ಕ.

ಸುಮಾರು ಇನ್ನೂರರಲ್ಲಿ ಉಳಿದದ್ದು 37. ಐದಾರು ವಾರಕ್ಕೆ ರೆಕ್ಕೆ ಮೂಡಿ ಏಂಜಲ್ ಆಕಾರ ಬಂತು. ತೊಟ್ಟಿ ಚಿಕ್ಕದು, ಎಲ್ಲವನ್ನೂ ಇಟ್ಟುಕೊಳ್ಳುವ ಆಸೆ ತಪ್ಪು. ಸರಿಯಾದ ತೊಟ್ಟಿ ಇದ್ದ ಎರಡು ಮನೆಗಳಿಗೆ ಕೆಲವನ್ನು, ಉಳಿದವನ್ನು ಅಂಗಡಿಗೆ ಕೊಟ್ಟೆವು.

*ಈ ಎಚ್ಚರಿಕೆಗಳನ್ನು ದಯವಿಟ್ಟು ಬಿಡದೆ ಓದಿ*

*1. ಗಾಯದ ಕೈ ನೀರಿಗೆ ಹಾಕಬೇಡಿ.* ಇದು ನಮ್ಮ ಮನೆಯಲ್ಲೇ ಆದದ್ದು. ಕಲ್ಲು ಸರಿಸುವಾಗ ಯಜಮಾನರ ಹೆಬ್ಬೆರಳಿಗೆ ಗೀರು ಬಿತ್ತು. ಮೂರು ವಾರದ ಮೇಲೆ ಅಲ್ಲೊಂದು ಕೆಂಪು ಗಂಟು. ನೋವಿಲ್ಲ, ಒಣಗುವುದೂ ಇಲ್ಲ. ಮಾಮೂಲು ಹುಣ್ಣು ಎಂದು ಐದು ದಿನದ ಮಾತ್ರೆ ನುಂಗಿದರು, ಗುಣವಾಗಲಿಲ್ಲ. ಕೈಯ ಮೇಲೆ ಇನ್ನೊಂದು ಗಂಟು ಬಂದ ಮೇಲೆ ಚರ್ಮದ ಡಾಕ್ಟರ ಹತ್ತಿರ ಹೋದರು. ಅವರು ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ಮೀನು ಇದೆಯಾ?" ಅದುವರೆಗೆ ಮೀನಿನ ವಿಷಯ ನಾವೇ ಯಾರಿಗೂ ಹೇಳಿರಲಿಲ್ಲ.

ಇದಕ್ಕೆ ಕಾರಣ ಮೈಕೋಬ್ಯಾಕ್ಟೀರಿಯಂ ಮರೀನಮ್, ಕ್ಷಯದ ಕ್ರಿಮಿಯ ಸಂಬಂಧಿ. 1926ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಅಕ್ವೇರಿಯಂನ ಮೀನುಗಳಲ್ಲಿ ಇದನ್ನು ಮೊದಲು ಗುರುತಿಸಿದರು. ತಂಪು ಅದಕ್ಕೆ ಇಷ್ಟ, ಹಾಗಾಗಿ ಬೆರಳು, ಕೈಗೇ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಗುಣವಾಗುತ್ತದೆ, ಆದರೆ ಕೆಲವು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕಾಗುತ್ತದೆ. ಮೀನು ಸಾಕುವವರ ಕೈಯಲ್ಲಿ ಒಣಗದ ಗಂಟು ಕಂಡರೆ ಡಾಕ್ಟರಿಗೆ ಮೀನಿನ ವಿಷಯ ಮೊದಲು ಹೇಳಿ. ಸಕ್ಕರೆ ಕಾಯಿಲೆಯವರು, ಕೀಮೋ ಆಗುತ್ತಿರುವವರು, ಅಂಗ ಕಸಿಯಾದವರು ಕೈ ಹಾಕಲೇ ಬೇಡಿ; ಹಾಕಲೇಬೇಕಾದರೆ ಉದ್ದ ಗ್ಲೌಸ್ ಧರಿಸಿ.

*2. ಪೈಪನ್ನು ಬಾಯಿಂದ ಎಳೆಯಬೇಡಿ.* ನೀರು ತೆಗೆಯಲು ಹೀಗೆ ಮಾಡುವವರು ಬಹಳ. ತೊಟ್ಟಿಯ ನೀರಿನಲ್ಲಿ ಸಾಲ್ಮೊನೆಲ್ಲಾದಂಥ ಕ್ರಿಮಿ ಇರಬಹುದು. ಕೈಪಂಪಿನ ಪೈಪು ಸಿಗುತ್ತದೆ. ಬಲೆ, ಸ್ಪಂಜನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮಕ್ಕಳು ಪ್ರತಿ ಸಲ ಸೋಪು ಹಾಕಿ ಕೈ ತೊಳೆಯಲಿ.

*3. ಸೊಳ್ಳೆ.* ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಮರಿ ಉಳಿಯುವುದಿಲ್ಲ, ಏಂಜಲ್ ಮೀನು ತಿಂದುಹಾಕುತ್ತದೆ. ಅಪಾಯ ಇರುವುದು ಕ್ಲೋರಿನ್ ಹೋಗಲೆಂದು ಇಟ್ಟ ಬಕೆಟ್, ಸ್ಟ್ಯಾಂಡ್ ಕೆಳಗಿನ ತಟ್ಟೆ, ಬಾಲ್ಕನಿಯಲ್ಲಿಟ್ಟ ಖಾಲಿ ತೊಟ್ಟಿ, ಮನಿ ಪ್ಲಾಂಟ್ ಬಾಟಲಿಗಳಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬರಲು ವಾರ, ಹತ್ತು ದಿನ ಸಾಕು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿ ತಿಂಗಳುಗಟ್ಟಲೆ ಒಣಗಿ ಕೂತಿರುತ್ತದೆ. ಆದ್ದರಿಂದ ಬಕೆಟ್ ಮುಚ್ಚಿಡಿ, ವಾರಕ್ಕೊಮ್ಮೆ ಬರೀ ಚೆಲ್ಲದೆ ಉಜ್ಜಿ ತೊಳೆಯಿರಿ. ಮಳೆಗಾಲದಲ್ಲಿ ಮಹಾನಗರ ಪಾಲಿಕೆಯವರು ಪರೀಕ್ಷೆಗೆ ಬಂದರೆ ತೋರಿಸಿ, ಅವರಿರುವುದು ನಮ್ಮ ಒಳ್ಳೆಯದಕ್ಕೇ.

*4. ಕರೆಂಟು.* ಕೈ ಹಾಕುವ ಮುಂಚೆ ಎಲ್ಲ ಸ್ವಿಚ್ ಆಫ್. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮೇಲೆ ಹೋಗಲಿ, ಹನಿ ಅಲ್ಲೇ ಬೀಳುತ್ತದೆ. ಶಾಕ್ ತಡೆಯುವ ಬ್ರೇಕರ್ ಮನೆಯಲ್ಲಿ ಇರಲಿ.

*5. ಅಲರ್ಜಿ.* ಕೆಂಪು ಹುಳುವಿನ ಆಹಾರ ಕೆಲವರಿಗೆ ಸೀನು, ತುರಿಕೆ, ದಮ್ಮು ತರುತ್ತದೆ. ಹಾಗಾದರೆ ಅದನ್ನು ನಿಲ್ಲಿಸಿ ಬೇರೆ ಆಹಾರ ಕೊಡಿ. ಚರಂಡಿಯಿಂದ ತೆಗೆದ ಜೀವಂತ ಟ್ಯೂಬಿಫೆಕ್ಸ್ ಹುಳು ಬೇಡವೇ ಬೇಡ.

*6. ನಮ್ಮ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ತೊಟ್ಟಿಗೆ ಹಾಕಬೇಡಿ.* ಕ್ರಿಮಿಗಳು ಔಷಧಿಗೆ ಬಗ್ಗದಂತಾಗುತ್ತವೆ.

*7. ಬೇಡವಾದ ಮೀನನ್ನು ಊರಿನ ಕೆರೆಗೆ, ಹೊಳೆಗೆ ಬಿಡಬೇಡಿ.* ಹಾಗೆ ಬಿಟ್ಟ ಸಕ್ಕರ್ ಮೀನುಗಳು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಊರ ಮೀನಿಗೆ ಕಂಟಕವಾಗಿವೆ. ಅಂಗಡಿಗೆ ವಾಪಸು ಕೊಡಿ.

*ಈಗ ಮನೆಯಲ್ಲಿ*

ಹಳೆಯ ಮುಂಬಯಿಕರರಿಗೆ ಮರೀನ್ ಡ್ರೈವ್‌ನ ತಾರಾಪೋರ್‌ವಾಲಾ ಅಕ್ವೇರಿಯಂ ನೆನಪಿರಬಹುದು. 1951ರಲ್ಲಿ ಶುರುವಾದದ್ದು, ಊರಿನಿಂದ ನೆಂಟರು ಬಂದರೆ ತೋರಿಸುವ ಜಾಗ. ಕೋವಿಡ್ ಕಾಲದಲ್ಲಿ ಅದು ಬಾಗಿಲು ಹಾಕಿತು. ಈಗ ನಮ್ಮ ಮಹಡಿಯ ಮಕ್ಕಳಿಗೆ ಅಕ್ವೇರಿಯಂ ಎಂದರೆ ಅಜ್ಜನ ತೊಟ್ಟಿಯೇ. ಸಂಜೆ ಆರಕ್ಕೆ ಚಪ್ಪಲಿ ಬಿಟ್ಟು ಸಾಲಾಗಿ ಕೂರುತ್ತಾರೆ. ಅಜ್ಜನಿಗೆ ಹಿಂದಿ ಅಷ್ಟಕ್ಕಷ್ಟೆ, ಮಕ್ಕಳಿಗೆ ಕನ್ನಡ ಬಾರದು. ಹೇಗೋ ನಡೆಯುತ್ತದೆ.

ಮಾವನ ಬಿ.ಪಿ. ಈಗ ಹತೋಟಿಯಲ್ಲಿದೆ. ಬದಲಿಸಿದ ಮಾತ್ರೆ ಕಾರಣವೋ, ಉಪ್ಪು ಕಡಿಮೆ ಮಾಡಿದ್ದು ಕಾರಣವೋ, ಮೀನು ಕಾರಣವೋ, ನಾನು ಹೇಳಲಾರೆ. ಮೂರೂ ಇರಲಿ ಎನ್ನುತ್ತಾರೆ ಡಾಕ್ಟರು. ಒಂದು ಮಾತ್ರ ಖಂಡಿತ. ಬಾದಾಮಿ ಎಲೆ ಹುಡುಕಲೆಂದು ಅವರು ಮತ್ತೆ ಮೆಟ್ಟಿಲು ಇಳಿಯತೊಡಗಿದ್ದಾರೆ, ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಮೊಮ್ಮಗಳ ಹೆಗಲ ಮೇಲೆ. ರಾತ್ರಿ ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದಂತೆ. "ಎದ್ದು ಏನು ಮಾಡುತ್ತೀರಿ ಮಾವ?" ಎಂದು ಕೇಳಿದೆ. "ಅವೂ ಮಲಗಿರುತ್ತವೆ, ಎಲೆಯ ಪಕ್ಕದಲ್ಲಿ ಅಲ್ಲಾಡದೆ. ಸ್ವಲ್ಪ ಹೊತ್ತು ನೋಡುತ್ತೇನೆ. ಆಮೇಲೆ ನಿದ್ದೆ ಬರುತ್ತದೆ" ಎಂದರು.

ಎಲ್ಲರ ಮನೆಗೂ ಮೀನೇ ಆಗಬೇಕೆಂದಿಲ್ಲ. ನಾಲ್ಕು ಕುಂಡದ ಸೊಪ್ಪು, ಒಂದು ಬಳ್ಳಿ, ಮೊಮ್ಮಕ್ಕಳ ಪಾಠ, ಯಾವುದಾದರೂ ಆದೀತು. ಊರು ಬಿಟ್ಟು ಬಂದ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ "ನೀವು ಏನೂ ಮಾಡಬೇಡಿ, ಆರಾಮಾಗಿರಿ" ಎನ್ನುವುದು ಪ್ರೀತಿಯ ಮಾತೇ. ಆದರೆ ಅದರ ಜೊತೆಗೆ ಅವರಿಗೆ ಅಂತಲೇ ಒಂದು ಕೆಲಸವೂ ಇರಲಿ.

_ನೆನಪಿಡಿ: ಬಿ.ಪಿ., ಸಕ್ಕರೆಯ ಮಾತ್ರೆಯನ್ನು ಡಾಕ್ಟರ ಮಾತಿಲ್ಲದೆ ನಿಲ್ಲಿಸಬೇಡಿ. ಹಿರಿಯರು ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕಾಗಿದ್ದು, ಊಟ ನಿದ್ದೆ ಬಿಟ್ಟಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ಡಾಕ್ಟರಿಗೆ ತೋರಿಸಿ._

ಉಪಯೋಗವಾದೀತು ಎನಿಸಿದರೆ ನಿಮ್ಮ ಬಳಗಕ್ಕೂ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.